ಪ್ಲಂಬಿಂಗ್ ಇನ್ಸ್‌ಪೆಕ್ಟರ್ ಲೈಸೆನ್ಸ್ ಪಡೆಯುವುದು ಹೇಗೆ? ಅಮೆರಿಕದ ದಾರಿ, ಹಂತ ಹಂತವಾಗಿ

ಹೊಸ ಅಪಾರ್ಟ್‌ಮೆಂಟ್ ಕಟ್ಟಡವೊಂದನ್ನು ಕಟ್ಟುತ್ತಿದ್ದಾರೆ, ನೀವು ಅಲ್ಲಿಗೆ ಬಂದ ಪ್ಲಂಬಿಂಗ್ ಇನ್ಸ್‌ಪೆಕ್ಟರ್ ಅಂದುಕೊಳ್ಳಿ. ಗೋಡೆಗೆ ಇನ್ನೂ ಹಲಗೆ ಹೊಡೆದಿಲ್ಲ, ಪೈಪುಗಳೆಲ್ಲ ಕಣ್ಣಿಗೆ ಕಾಣುತ್ತಿವೆ. ನೀವು ಲೆವೆಲ್ (ಮಟ್ಟ ನೋಡುವ ಉಪಕರಣ) ಇಟ್ಟು ನೋಡಿ, ಬಚ್ಚಲಿನ ಡ್ರೈನ್ ಪೈಪಿಗೆ ಇಳಿಜಾರು ಸಾಲದು ಅನ್ನುತ್ತೀರಿ. ಪ್ಲಂಬರ್ ನಗುತ್ತಾನೆ. "ಇಪ್ಪತ್ತು ವರ್ಷದಿಂದ ಹೀಗೇ ಹಾಕ್ತಿದ್ದೀನಿ ಸಾರ್, ಒಂದೂ ಕಟ್ಟಿಕೊಂಡಿಲ್ಲ." ಈಗ ಏನು ಹೇಳುತ್ತೀರಿ?

"ನನ್ನ ಅನುಭವದಲ್ಲಿ" ಅಂತ ಬಾಯಿ ತೆಗೆದಿರೋ, ಕೆಟ್ಟಿತು. ಅನುಭವ ಅವನಿಗೂ ಇದೆ, ನಿಮಗಿಂತ ಜಾಸ್ತಿಯೇ ಇರಬಹುದು. ಹೇಳಬೇಕಾದ್ದು ಇಷ್ಟೇ: "ಸೆಕ್ಷನ್ 704.1. ಎರಡು ಇಂಚಿನ ಪೈಪಿಗೆ ಅಡಿಗೆ ಕಾಲು ಇಂಚು ಬೇಕು." ಇನ್ಸ್‌ಪೆಕ್ಟರ್‌ಗೆ ಇರುವ ಅಧಿಕಾರವೆಲ್ಲ ಕೋಡ್‌ನ, ಅಂದರೆ ಪ್ಲಂಬಿಂಗ್ ನಿಯಮಗಳ ಪುಸ್ತಕದ, ಆ ಸೆಕ್ಷನ್ ನಂಬರಿನಿಂದ ಬಂದದ್ದು. ಲೈಸೆನ್ಸ್ ಪರೀಕ್ಷೆಯಲ್ಲಿ ನೋಡುವುದೂ ಮುಖ್ಯವಾಗಿ ಇದನ್ನೇ: ನಿಯಮ ಎಲ್ಲಿದೆ, ಅದನ್ನು ಬೇಗ ಹುಡುಕಿ ಸರಿಯಾಗಿ ಓದಬಲ್ಲಿರಾ? ಈ ಒಂದು ಮಾತು ತಲೆಯಲ್ಲಿದ್ದರೆ ಮುಂದಿನ ತಯಾರಿಯ ಅರ್ಧ ಗೊಂದಲ ತಪ್ಪುತ್ತದೆ.

ಮೊದಲು: ಇದು ಯಾವ ಕೆಲಸ, ಯಾವುದು ಅಲ್ಲ

ಮನೆ ಕೊಳ್ಳುವವರು ದುಡ್ಡು ಕೊಟ್ಟು ಕರೆಸುವ ಹೋಮ್ ಇನ್ಸ್‌ಪೆಕ್ಟರ್ ಬೇರೆ. ಅವರು ವರದಿ ಕೊಟ್ಟು ಹೋಗುತ್ತಾರೆ, ಕೆಲಸ ನಿಲ್ಲಿಸಿ ಅನ್ನುವ ಹಕ್ಕು ಅವರಿಗಿಲ್ಲ. ಪ್ಲಂಬಿಂಗ್ ಇನ್ಸ್‌ಪೆಕ್ಟರ್ ಊರಿನ ಅಥವಾ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಪರವಾಗಿ ಬರುವವರು. ಪರ್ಮಿಟ್ ತೆಗೆದುಕೊಂಡು ನಡೆಯುವ ಕೆಲಸವನ್ನು ಸಾಮಾನ್ಯವಾಗಿ ಮೂರು ಸಲ ನೋಡುತ್ತಾರೆ. ನೆಲದಡಿಯ ಪೈಪನ್ನು ಮಣ್ಣು ಮುಚ್ಚುವ ಮೊದಲು, ಗೋಡೆಯೊಳಗಿನದನ್ನು ಗೋಡೆ ಮುಚ್ಚುವ ಮೊದಲು, ಕೊನೆಗೆ ಕಮೋಡ್, ಸಿಂಕ್, ನಲ್ಲಿ ಎಲ್ಲ ಕೂರಿಸಿದ ಮೇಲೆ. ಎರಡನೆಯದಕ್ಕೆ ರಫ್-ಇನ್ ಅನ್ನುತ್ತಾರೆ. ನಿಮ್ಮ ದಿನದ ಬಹುಪಾಲು ಅಲ್ಲೇ ಕಳೆಯುತ್ತದೆ.

ಮನೆ ಅಡಿಯ ತಗ್ಗು ಜಾಗದಲ್ಲಿ ತೆವಳಬೇಕು, ಏಣಿ ಹತ್ತಬೇಕು, ದಿನಕ್ಕೆ ಹತ್ತಾರು ಕಡೆ ಗಾಡಿ ಓಡಿಸಬೇಕು. ಮೇಜಿನ ಕೆಲಸ ಅಂದುಕೊಂಡು ಬರುವವರಿಗೆ ಮೊದಲ ವಾರವೇ ಸಾಕಾಗಿಬಿಡುತ್ತದೆ.

ಹಂತ 1: ನಿಮ್ಮ ಲೈಸೆನ್ಸ್ ಕೊಡುವವರು ಯಾರು?

ಇಡೀ ದೇಶಕ್ಕೆ ಒಂದೇ ಲೈಸೆನ್ಸ್ ಅಂತ ಇಲ್ಲ. ಎಲ್ಲರೂ ಮೊದಲು ಎಡವುವುದು ಇಲ್ಲೇ. ಯಾವುದೋ ಕೋರ್ಸಿಗೆ ದುಡ್ಡು ಕಟ್ಟಿದ ಮೇಲೆ, ಅದು ತಮ್ಮ ರಾಜ್ಯದಲ್ಲಿ ನಡೆಯುವುದಿಲ್ಲ ಅಂತ ಗೊತ್ತಾಗುತ್ತದೆ.

ಟೆಕ್ಸಾಸ್‌ನಲ್ಲಿ ರಾಜ್ಯವೇ ಲೈಸೆನ್ಸ್ ಕೊಡುತ್ತದೆ. ಅದಕ್ಕೆಂದೇ ಟೆಕ್ಸಾಸ್ ಸ್ಟೇಟ್ ಬೋರ್ಡ್ ಆಫ್ ಪ್ಲಂಬಿಂಗ್ ಎಕ್ಸಾಮಿನರ್ಸ್ ಇದೆ. ಈ ಮಂಡಳಿಯದೇ ಒಂದು ಕತೆ. 2019ರಲ್ಲಿ ಅದನ್ನು ಮುಂದುವರಿಸುವ ಮಸೂದೆ ಪಾಸಾಗದೆ ಶಾಸನಸಭೆಯ ಅಧಿವೇಶನ ಮುಗಿದುಹೋಯಿತು. ರಾಜ್ಯದ ಪ್ಲಂಬಿಂಗ್ ಕಾನೂನೇ ಅಳಿಸಿಹೋಗುವ ಹಂತಕ್ಕೆ ಬಂದಿತ್ತು. ಕೊನೆಗೆ ರಾಜ್ಯಪಾಲರು ವಿಶೇಷ ಆದೇಶ ಹೊರಡಿಸಿ ಉಳಿಸಿದರು. ನಿಯಮಗಳು ಹೀಗೆ ರಾತ್ರೋರಾತ್ರಿ ಅಲುಗಾಡುವುದೂ ಉಂಟು. ಆದ್ದರಿಂದ ಹಳೆಯ ಪಿಡಿಎಫ್ ನಂಬಿ ಕೂರಬೇಡಿ. ಅರ್ಜಿ ಹಾಕುವ ವಾರದಲ್ಲಿ ಮಂಡಳಿಯ ಪುಟವನ್ನು ಇನ್ನೊಮ್ಮೆ ಓದಿ.

ಟೆಕ್ಸಾಸ್ ಕಾನೂನಿನ ವ್ಯಾಖ್ಯೆಯಲ್ಲಿ ಗಮನಿಸಬೇಕಾದ್ದು ಎರಡು. ಇನ್ಸ್‌ಪೆಕ್ಟರ್ ಆದವರು ಊರು, ಕೌಂಟಿಯಂಥ ಸ್ಥಳೀಯ ಆಡಳಿತದಲ್ಲೋ ರಾಜ್ಯದ ಇಲಾಖೆಯಲ್ಲೋ ನೌಕರಿಯಲ್ಲಿರಬೇಕು, ಇಲ್ಲವೇ ಅವರೊಂದಿಗೆ ಕರಾರು ಮಾಡಿಕೊಂಡಿರಬೇಕು. ಜೊತೆಗೆ, ಯಾವ ಪ್ಲಂಬಿಂಗ್ ಕಂಪನಿಯಲ್ಲೂ ಅವರಿಗೆ ಹಣದ ಪಾಲಾಗಲಿ, ಸಲಹೆಗಾರರ ಸ್ಥಾನವಾಗಲಿ ಇರಕೂಡದು. ಭಾವಮೈದುನನ ಪ್ಲಂಬಿಂಗ್ ಅಂಗಡಿಯಲ್ಲಿ ನಿಮ್ಮ ಪಾಲೂ ಇದ್ದರೆ ಅದನ್ನು ಮೊದಲು ಬಿಡಬೇಕು.

ಫ್ಲಾರಿಡಾದಲ್ಲೂ ರಾಜ್ಯದ್ದೇ ಲೈಸೆನ್ಸ್. ಅಲ್ಲಿ ತಾತ್ಕಾಲಿಕ ಸರ್ಟಿಫಿಕೇಟಿನ ಏರ್ಪಾಡಿದೆ. ಕೆಲಸಕ್ಕೆ ಸೇರಿದವರು ಅದನ್ನು ಹಿಡಿದು ಕೆಲಸ ಮಾಡುತ್ತಲೇ ಪರೀಕ್ಷೆ ಮುಗಿಸಬಹುದು. ಕ್ಯಾಲಿಫೋರ್ನಿಯಾದ ರೀತಿ ಬೇರೆ: ಅಲ್ಲಿ ಊರೋ ಕೌಂಟಿಯೋ ಕೆಲಸ ಕೊಡುತ್ತದೆ, ನಿಗದಿತ ಕಾಲದೊಳಗೆ ಮಾನ್ಯತೆ ಪಡೆದ ಸಂಸ್ಥೆಯ ಸರ್ಟಿಫಿಕೇಟ್ ತರಬೇಕೆಂದು ಕಾನೂನು ಹೇಳುತ್ತದೆ. ಇನ್ನು ಕೆಲವು ರಾಜ್ಯಗಳು ಇದನ್ನು ಪೂರಾ ಊರುಗಳಿಗೇ ಬಿಟ್ಟುಬಿಟ್ಟಿವೆ.

ನಿಮ್ಮ ಕಡೆ ಹೇಗೆ ಅಂತ ತಿಳಿಯಲು ನನಗೆ ಗೊತ್ತಿರುವ ಸುಲಭದ ದಾರಿ ಒಂದಿದೆ. ನೀವು ಕೆಲಸ ಮಾಡಬೇಕೆಂದಿರುವ ಊರಿನ ಮತ್ತು ಸುತ್ತಲಿನ ನಾಲ್ಕೈದು ಊರುಗಳ ಉದ್ಯೋಗ ಪ್ರಕಟಣೆಗಳನ್ನು ತೆಗೆದು ಓದಿ. ಅದರಲ್ಲಿ ಏನು ಕೇಳುತ್ತಾರೋ ಅದೇ ನಿಮ್ಮ ನಿಜವಾದ ಪಟ್ಟಿ. ಕಾನೂನು ಕೇಳುವುದು ಕನಿಷ್ಠ. ಕೆಲಸ ಕೊಡುವವರು ಅದರ ಮೇಲೆ ಇನ್ನೂ ಎರಡು ಸೇರಿಸಿರುತ್ತಾರೆ, ಡ್ರೈವಿಂಗ್ ಲೈಸೆನ್ಸ್ ಸಹಿತ.

ಹಂತ 2: ಯಾವ ಕೋಡ್, ಯಾವ ವರ್ಷದ್ದು?

ಇಲ್ಲಿ ಐಪಿಸಿ ಅಂದರೆ ದಂಡ ಸಂಹಿತೆ ಅಲ್ಲ, ಇಂಟರ್‌ನ್ಯಾಷನಲ್ ಪ್ಲಂಬಿಂಗ್ ಕೋಡ್. ಇದನ್ನು ಹೊರತರುವುದು ಇಂಟರ್‌ನ್ಯಾಷನಲ್ ಕೋಡ್ ಕೌನ್ಸಿಲ್, ಅಂದರೆ ಐಸಿಸಿ. 1994ರಲ್ಲಿ ಮೂರು ಹಳೆಯ ಸಂಸ್ಥೆಗಳು ಸೇರಿ ಹುಟ್ಟುಹಾಕಿದ ಸಂಸ್ಥೆ ಇದು. ಇದಕ್ಕೆ ಸಾಟಿಯಾಗಿ ನಿಂತಿರುವುದು ಯೂನಿಫಾರ್ಮ್ ಪ್ಲಂಬಿಂಗ್ ಕೋಡ್, ಯುಪಿಸಿ. ಅದು ಐಎಪಿಎಂಒ ಎಂಬ ಸಂಸ್ಥೆಯದು. ಕ್ಯಾಲಿಫೋರ್ನಿಯಾ, ಆರೆಗನ್, ವಾಷಿಂಗ್ಟನ್ ರಾಜ್ಯಗಳ ಕೋಡ್‌ಗೆ ಯುಪಿಸಿಯೇ ಬುನಾದಿ. ಫ್ಲಾರಿಡಾದ್ದು ಐಪಿಸಿ ಮೇಲೆ ನಿಂತಿದೆ. ನ್ಯೂಜೆರ್ಸಿ ಇವೆರಡನ್ನೂ ಬಿಟ್ಟು ನ್ಯಾಷನಲ್ ಸ್ಟ್ಯಾಂಡರ್ಡ್ ಪ್ಲಂಬಿಂಗ್ ಕೋಡ್ ಹಿಡಿದಿದೆ.

ಒಂದು ಮನೆ, ಎರಡು ಮನೆಯ ಕಟ್ಟಡ, ಮೂರು ಮಹಡಿಯೊಳಗಿನ ಟೌನ್‌ಹೌಸ್ ಇವಕ್ಕೆ ಐಸಿಸಿಯದೇ ಇನ್ನೊಂದು ಪುಸ್ತಕ ಇದೆ, ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್. ಅದರ 25ರಿಂದ 33ರವರೆಗಿನ ಅಧ್ಯಾಯಗಳು ಪ್ಲಂಬಿಂಗ್‌ಗೆ ಸೇರಿದವು. ಸೆಕ್ಷನ್ ನಂಬರಿನ ಮುಂದೆ 'ಪಿ' ಅಕ್ಷರ ಇರುತ್ತದೆ.

ಐಪಿಸಿ, ಯುಪಿಸಿ ಎರಡೂ ಹೆಚ್ಚುಕಮ್ಮಿ ಒಂದೇ ಅಂತ ಕೆಲವರು ಹೇಳುತ್ತಾರೆ. ನಂಬಬೇಡಿ. ಕಮೋಡಿನ ಮುಂದೆ ಐಪಿಸಿ ಕೇಳುವ ಜಾಗ 21 ಇಂಚು, ಯುಪಿಸಿ ಕೇಳುವುದು 24. ಮೂರು ಇಂಚಿನ ಡ್ರೈನಿಗೆ ಐಪಿಸಿಯಲ್ಲಿ ಅಡಿಗೆ 1/8 ಇಂಚು ಇಳಿಜಾರು ಸಾಕು, ಯುಪಿಸಿಯಲ್ಲಿ 1/4 ಬೇಕು. ಒಂದರಲ್ಲಿ ಪಾಸಾದ ಕೆಲಸ ಇನ್ನೊಂದರಲ್ಲಿ ಫೇಲಾಗುತ್ತದೆ. ಪರೀಕ್ಷೆಯ ಉತ್ತರವೂ ಹಾಗೆಯೇ.

ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ: 2018, 2021, 2024 ಹೀಗೆ. ಹೊಸದು ಬಂದ ಕೂಡಲೇ ನಿಮ್ಮ ಊರು ಅದನ್ನು ಒಪ್ಪಿಕೊಂಡಿರಬೇಕೆಂದೇನಿಲ್ಲ. ಎಷ್ಟೋ ಊರುಗಳು ಒಂದೆರಡು ಆವೃತ್ತಿ ಹಿಂದೆಯೇ ಇರುತ್ತವೆ. ಅದರ ಮೇಲೆ ಸ್ಥಳೀಯ ತಿದ್ದುಪಡಿಗಳು ಬೇರೆ. ಐಪಿಸಿಯ 903.1 ತೆಗೆದು ನೋಡಿ, ತಮಾಷೆಯಾಗಿದೆ. ವೆಂಟ್ ಪೈಪು (ಡ್ರೈನಿಗೆ ಗಾಳಿಯಾಡಲು ಬಿಡುವ ಪೈಪು) ಚಾವಣಿಯಿಂದ ಇಷ್ಟು ಇಂಚು ಮೇಲೆ ಬರಬೇಕು ಅಂತ ಹೇಳಿ, ಎಷ್ಟು ಅನ್ನುವ ಜಾಗವನ್ನೇ ಖಾಲಿ ಬಿಟ್ಟಿದ್ದಾರೆ. ಹಿಮ ಬೀಳುವ ಊರಿಗೆ ಒಂದು ಲೆಕ್ಕ, ಬೀಳದ ಊರಿಗೆ ಇನ್ನೊಂದು. ಆ ಅಂಕಿಯನ್ನು ತುಂಬಬೇಕಾದ್ದು ಸ್ಥಳೀಯ ಆಡಳಿತ.

ಹೀಗಾಗಿ ಪುಸ್ತಕ ಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ. ಪರೀಕ್ಷೆ ಯಾವ ಆವೃತ್ತಿಯ ಮೇಲೆ ನಡೆಯುತ್ತದೆ? ಊರಿನಲ್ಲಿ ಜಾರಿಯಲ್ಲಿರುವುದು ಯಾವುದು? ಎರಡಕ್ಕೂ ಉತ್ತರ ಬೇರೆ ಬೇರೆ ಬಂದರೆ ಆಶ್ಚರ್ಯಪಡಬೇಡಿ. ಓದುವುದು ಮೊದಲನೆಯದನ್ನು, ಕೆಲಸದಲ್ಲಿ ಬಳಸುವುದು ಎರಡನೆಯದನ್ನು.

ಹಂತ 3: ಅನುಭವ, ಮತ್ತು ಅದರ ಕಾಗದ

ಹೆಚ್ಚಿನವರು ಪ್ಲಂಬರ್ ಆಗಿದ್ದು ಈ ಕಡೆ ಬರುತ್ತಾರೆ. ನಾಲ್ಕೈದು ವರ್ಷ ಅಪ್ರೆಂಟಿಸ್, ಆಮೇಲೆ ಜರ್ನಿಮನ್ (ಕಲಿಕೆ ಮುಗಿಸಿದ ಪ್ಲಂಬರ್) ಲೈಸೆನ್ಸ್, ಆಮೇಲೆ ಮಾಸ್ಟರ್. ಟೆಕ್ಸಾಸ್‌ನಲ್ಲಿ ಜರ್ನಿಮನ್ ಪರೀಕ್ಷೆಗೆ 8,000 ಗಂಟೆಗಳ ಕೆಲಸ ತೋರಿಸಬೇಕು. ಎಂಜಿನಿಯರಿಂಗ್ ಅಥವಾ ವಾಸ್ತುಶಿಲ್ಪ ಓದಿದವರಿಗೂ, ಕಟ್ಟಡ ತಪಾಸಣೆಯ ಬೇರೆ ವಿಭಾಗದಲ್ಲಿ ಇದ್ದವರಿಗೂ ಕೆಲವು ಕಡೆ ಬಾಗಿಲು ತೆರೆದಿರುತ್ತದೆ.

ಅನುಭವ ಇರುವುದು ಒಂದು, ಅದನ್ನು ತೋರಿಸುವುದು ಇನ್ನೊಂದು. ಹತ್ತು ವರ್ಷ ಕೆಲಸ ಮಾಡಿದ ಪ್ಲಂಬರ್ ಒಬ್ಬ, ಹಳೆಯ ಕಂಪನಿ ಮುಚ್ಚಿಹೋಗಿದೆ ಅನ್ನುವ ಒಂದೇ ಕಾರಣಕ್ಕೆ ಪತ್ರ ಸಿಗದೆ ಒದ್ದಾಡುವುದು ಅಪರೂಪವೇನಲ್ಲ. ಇವತ್ತೇ ಒಂದು ನೋಟ್‌ಬುಕ್ ಶುರು ಮಾಡಿ. ತಾರೀಕು, ಜಾಗ, ಯಾವ ಬಗೆಯ ಕೆಲಸ, ಎಷ್ಟು ಗಂಟೆ, ಮೇಲ್ವಿಚಾರಕರ ಹೆಸರು ಮತ್ತು ಲೈಸೆನ್ಸ್ ನಂಬರ್. ಕೆಲಸ ಬಿಡುವ ದಿನವೇ ಅನುಭವ ಪತ್ರ ಬರೆಸಿಕೊಳ್ಳಿ, ಆಮೇಲೆ ಕೇಳೋಣ ಅಂತ ಮುಂದೂಡಬೇಡಿ. ತೆರಿಗೆಯ ಕಾಗದಗಳನ್ನು ಎಸೆಯಬೇಡಿ, ಯಾವ ವರ್ಷ ಎಲ್ಲಿ ದುಡಿದಿರಿ ಅನ್ನುವುದಕ್ಕೆ ಅವೂ ಸಾಕ್ಷಿ.

ಪತ್ರದಲ್ಲಿ 'ಚೆನ್ನಾಗಿ ಕೆಲಸ ಮಾಡಿದ್ದಾರೆ' ಅಂತಿದ್ದರೆ ಉಪಯೋಗವಿಲ್ಲ. ವಾಸದ ಮನೆಯೋ ವಾಣಿಜ್ಯ ಕಟ್ಟಡವೋ, ಹೊಸದೋ ರಿಪೇರಿಯೋ, ಡ್ರೈನ್, ವೆಂಟ್, ನೀರಿನ ಸಾಲು, ಗ್ಯಾಸ್ ಇವುಗಳಲ್ಲಿ ಯಾವುದು ಅಂತ ಬಿಡಿಸಿ ಬರೆದಿರಬೇಕು.

ಹಂತ 4: ಪರೀಕ್ಷೆ

ಐಸಿಸಿಯ ಸರ್ಟಿಫಿಕೇಟುಗಳಲ್ಲಿ ನಿಮಗೆ ಬೇಕಾದವು ಎರಡು. ಪಿ1 ಅಂದರೆ ವಾಸದ ಮನೆಗಳ ಪ್ಲಂಬಿಂಗ್ ಇನ್ಸ್‌ಪೆಕ್ಟರ್. ಪಿ2 ಅಂದರೆ ವಾಣಿಜ್ಯ ಕಟ್ಟಡಗಳದ್ದು. ಇವಕ್ಕೆ ಕೂರಲು ಐಸಿಸಿ ಅನುಭವದ ಷರತ್ತು ಹಾಕುವುದಿಲ್ಲ, ಯಾರು ಬೇಕಾದರೂ ಬರೆಯಬಹುದು. ಹಾಗಾಗಿ ಕೆಲಸ ಸಿಗುವ ಮೊದಲೇ ಪಿ1 ಮುಗಿಸಿಟ್ಟರೆ ನಿಮ್ಮ ಅರ್ಜಿಗೆ ತೂಕ ಬರುತ್ತದೆ. ಎರಡರಲ್ಲಿ ಮೊದಲು ಪಿ1 ಬರೆಯಿರಿ ಅನ್ನುವುದು ನನ್ನ ಅಭಿಪ್ರಾಯ. ಪುಸ್ತಕದಲ್ಲಿ ದಾರಿ ಹುಡುಕುವ ಅಭ್ಯಾಸ ಅಲ್ಲೇ ಆಗುತ್ತದೆ. ನಿಮ್ಮ ರಾಜ್ಯ ತನ್ನದೇ ಪರೀಕ್ಷೆ ನಡೆಸುತ್ತಿದ್ದರೆ ಅದರ ಪಠ್ಯಸೂಚಿ ತರಿಸಿಕೊಳ್ಳಿ, ತಯಾರಿಯ ರೀತಿ ಒಂದೇ.

ಪುಸ್ತಕ ನೋಡಿ ಬರೆಯುವ ಪರೀಕ್ಷೆ ಇದು. ಅಷ್ಟು ಕೇಳಿದ ಕೂಡಲೇ ಎಲ್ಲರ ಮುಖ ಅರಳುತ್ತದೆ. ಆದರೆ ಒಂದು ಪ್ರಶ್ನೆಗೆ ಸಿಗುವುದು ಸುಮಾರು ಎರಡು ನಿಮಿಷ. ದಪ್ಪ ಪುಸ್ತಕದಲ್ಲಿ ಸುಮ್ನೆ ಪುಟ ಮಗುಚುತ್ತಾ ಕೂತರೆ ಅರ್ಧ ಪ್ರಶ್ನೆಪತ್ರಿಕೆ ಹಾಗೇ ಉಳಿಯುತ್ತದೆ. ಹಳೆಯ ಪ್ಲಂಬರ್‌ಗಳು ಇಲ್ಲಿ ಇನ್ನೊಂದು ತಪ್ಪು ಮಾಡುತ್ತಾರೆ. ಕೈ ಬಲ್ಲದ್ದನ್ನೇ ಉತ್ತರ ಅಂತ ಗುರುತು ಹಾಕಿ ಮುಂದೆ ಹೋಗುತ್ತಾರೆ. ಪ್ರಶ್ನೆ ಕೇಳಿರುವುದು ಕೋಡ್ ಏನು ಹೇಳುತ್ತದೆ ಅಂತ.

ನಾನು ಸೂಚಿಸುವ ಅಭ್ಯಾಸ ಸರಳವಾದದ್ದು. ಮಾದರಿ ಪ್ರಶ್ನೆ ಬಿಡಿಸುವಾಗ ಉತ್ತರದ ಪಕ್ಕದಲ್ಲಿ ಸೆಕ್ಷನ್ ನಂಬರ್ ಬರೆಯಿರಿ. ಉತ್ತರ ಸರಿಯಿದ್ದು ಸೆಕ್ಷನ್ ಗೊತ್ತಿಲ್ಲದಿದ್ದರೆ ಅದನ್ನು ತಪ್ಪು ಅಂತಲೇ ಎಣಿಸಿ. ಮೊದಲ ವಾರ ಸಿಟ್ಟು ಬರುತ್ತದೆ. ಮೂರನೇ ವಾರಕ್ಕೆ ಪ್ರಶ್ನೆ ಓದುತ್ತಿದ್ದಂತೆ ಬೆರಳು ತಾನಾಗಿ ಆ ಅಧ್ಯಾಯಕ್ಕೆ ಹೋಗುತ್ತದೆ.

ಅದಕ್ಕೆ ಅಧ್ಯಾಯಗಳ ಕ್ರಮ ಬಾಯಿಗೆ ಬರಬೇಕು. ಐಪಿಸಿಯಲ್ಲಿ 3 ಸಾಮಾನ್ಯ ನಿಯಮಗಳು, 4 ಕಮೋಡ್, ಸಿಂಕ್ ಮುಂತಾದವು, 5 ವಾಟರ್ ಹೀಟರ್, 6 ನೀರು ಸರಬರಾಜು, 7 ಕೊಳೆನೀರಿನ ಡ್ರೈನ್, 9 ವೆಂಟ್, 10 ಟ್ರ್ಯಾಪ್ (ಸಿಂಕಿನ ಕೆಳಗಿನ ಬಾಗಿದ ಪೈಪು), 11 ಮಳೆನೀರು. ಇಷ್ಟು ಸಾಕು. ಎರಡನೇ ಅಧ್ಯಾಯದ ವ್ಯಾಖ್ಯೆಗಳನ್ನು ಯಾರೂ ಓದುವುದಿಲ್ಲ, ಅಲ್ವಾ? ನೀವು ಓದಿ. ಸ್ಟ್ಯಾಕ್ (ನೆಟ್ಟಗೆ ಇಳಿಯುವ ಪೈಪು), ಬ್ರ್ಯಾಂಚ್ (ಅದಕ್ಕೆ ಸೇರುವ ಕವಲು), ಬಿಲ್ಡಿಂಗ್ ಡ್ರೈನ್ (ಕಟ್ಟಡದ ತಳದ ಮುಖ್ಯ ಪೈಪು), ಬಿಲ್ಡಿಂಗ್ ಸೂಯರ್ (ಅದು ಹೊರಗೆ ಮುಂದುವರಿದದ್ದು) ಇವುಗಳ ವ್ಯತ್ಯಾಸ ತಿಳಿಯದೆ ಸರಿಯಾದ ಕೋಷ್ಟಕ ಸಿಗುವುದಿಲ್ಲ. ಪುಸ್ತಕಕ್ಕೆ ಏನೇನು ಅಂಟಿಸಬಹುದು, ಏನೇನು ಬರೆದಿರಬಹುದು ಅನ್ನುವ ನಿಯಮವನ್ನು ಪರೀಕ್ಷೆಗೆ ಹೆಸರು ಕೊಡುವಾಗಲೇ ನೋಡಿಕೊಳ್ಳಿ.

ಪರೀಕ್ಷೆಯ ದಿನ ಮೂರು ಸುತ್ತು ಹಾಕಿ. ನೇರವಾಗಿ ಗೊತ್ತಿರುವುದು ಮೊದಲು, ಪುಸ್ತಕದಲ್ಲಿ ಒಂದೇ ಕಡೆ ಸಿಗುವುದು ಆಮೇಲೆ, ಲೆಕ್ಕದ ಪ್ರಶ್ನೆಗಳು ಕೊನೆಗೆ.

ಲೆಕ್ಕಗಳು: ಹೆದರುವಂಥದ್ದೇನಿಲ್ಲ

ಇಳಿಜಾರಿನಿಂದ ಶುರು ಮಾಡೋಣ. ಗಾರೆಯವರು 'ವಾಟ' ಅನ್ನುತ್ತಾರಲ್ಲ, ಅದೇ. ಐಪಿಸಿ ಪ್ರಕಾರ ಎರಡೂವರೆ ಇಂಚಿನವರೆಗಿನ ಪೈಪಿಗೆ ಅಡಿಗೆ 1/4 ಇಂಚು, 3ರಿಂದ 6 ಇಂಚಿನವಕ್ಕೆ 1/8, 8 ಇಂಚು ಮತ್ತು ಮೇಲ್ಪಟ್ಟವಕ್ಕೆ 1/16. ಹಳೆಯ ಮಗ್ಗಿಯ ಕಾಲು, ಅರೆಕಾಲು, ವೀಸ ನೆನಪಿರುವವರಿಗೆ ಈ ಕೋಷ್ಟಕ ಆಗಲೇ ಬಾಯಿಪಾಠ. ಈಗ 30 ಅಡಿ ಉದ್ದದ 2 ಇಂಚಿನ ಪೈಪು ಒಟ್ಟು ಎಷ್ಟು ಇಳಿಯಬೇಕು? 30ರ ಕಾಲು, ಅಂದರೆ ಏಳೂವರೆ ಇಂಚು. ತೊಲೆಗಳ ನಡುವೆ ಅಷ್ಟು ಜಾಗ ಇದೆಯೇ ಅನ್ನುವುದೇ ಪ್ಲಂಬರ್‌ನ ತಲೆನೋವು. ನಿಮ್ಮ ಲೆವೆಲ್ಲಿಗೆ ಸಿಕ್ಕಿಬೀಳುವುದೂ ಅಂಥ ಕಡೆಯೇ.

ಎರಡನೆಯದು ಡ್ರೈನಿನ ಅಳತೆ. ಒಂದೊಂದು ಸಾಧನಕ್ಕೂ ಎಷ್ಟು 'ಫಿಕ್ಸ್ಚರ್ ಯೂನಿಟ್' (ಅದು ಡ್ರೈನಿನ ಮೇಲೆ ಹಾಕುವ ಹೊರೆಯ ಲೆಕ್ಕ) ಅಂತ ಕೋಷ್ಟಕ 709.1ರಲ್ಲಿ ಇದೆ. ಮನೆಯೊಂದರಲ್ಲಿ ಎರಡು ಪೂರ್ತಿ ಬಾತ್‌ರೂಮು, ಒಂದು ಅಡುಗೆಮನೆ ಸಿಂಕು, ಒಂದು ಬಟ್ಟೆ ಒಗೆಯುವ ಯಂತ್ರ ಇವೆ ಅಂದುಕೊಳ್ಳಿ. ಒಂದು ಸಲಕ್ಕೆ 1.6 ಗ್ಯಾಲನ್ ನೀರು ಬಿಡುವ ಕಮೋಡ್ ಇರುವ ಬಾತ್‌ರೂಮಿಗೆ 5, ಸಿಂಕಿಗೆ 2, ಯಂತ್ರಕ್ಕೆ 2. ಒಟ್ಟು 14. ಅಡಿಗೆ 1/8 ಇಳಿಜಾರಿನಲ್ಲಿ 3 ಇಂಚಿನ ಬಿಲ್ಡಿಂಗ್ ಡ್ರೈನ್ 36 ಯೂನಿಟ್ ಹೊರುತ್ತದೆ, ಅದೇ ಸಾಕು. 4 ಇಂಚಿಗೆ ಹೋದರೆ 180. ಒಂದೇ ಇಂಚಿಗೆ ಐದು ಪಟ್ಟು! ಕೋಷ್ಟಕದಲ್ಲಿ ಒಂದು ಸಾಲು ತಪ್ಪಿ ಓದಿದರೆ ಉತ್ತರ ಎಲ್ಲಿಗೆ ಹೋಗುತ್ತದೆ ನೋಡಿ. ಪುಟದ ಮೇಲೆ ಸ್ಕೇಲ್ ಇಟ್ಟುಕೊಂಡು ಓದಿ, ನಾಚಿಕೆ ಬೇಡ.

ಮೂರನೆಯದು ಒತ್ತಡ. ಒಂದು ಅಡಿ ಎತ್ತರದ ನೀರು ತಳದಲ್ಲಿ 0.433 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಕೊಡುತ್ತದೆ. ರಸ್ತೆಯ ಸಾಲಿನಲ್ಲಿ 60 ಪಿಎಸ್‌ಐ ಇದ್ದು ಮೇಲಿನ ನಲ್ಲಿ 40 ಅಡಿ ಎತ್ತರದಲ್ಲಿದ್ದರೆ, ಎತ್ತರಕ್ಕೇ 17.3 ಹೋಗಿ 42.7 ಉಳಿಯಿತು. ತಿಕ್ಕಾಟದ ನಷ್ಟ ಬೇರೆ. ಕಟ್ಟಡದೊಳಗೆ ಒತ್ತಡ 80 ಪಿಎಸ್‌ಐ ದಾಟಿದರೆ ಅದನ್ನು ಇಳಿಸುವ ವಾಲ್ವ್ ಬೇಕೇ ಬೇಕು, ಇದು ಸೆಕ್ಷನ್ 604.8.

ನಿಯಮದ ಹಿಂದಿನ ಕಾರಣ

ಬರೀ ಅಂಕಿ ಉರು ಹೊಡೆದರೆ ಎರಡು ತಿಂಗಳಲ್ಲಿ ಮರೆತುಹೋಗುತ್ತದೆ. ಒಂದೊಂದು ಅಂಕಿಯ ಹಿಂದೆ ಏನಾಗಿತ್ತು ಅಂತ ತಿಳಿದರೆ ಅದು ಉಳಿಯುತ್ತದೆ. ಈ ಲೈಸೆನ್ಸಿಗೆ ಓದುವುದರಲ್ಲಿ ನನಗೆ ತುಂಬ ಇಷ್ಟವಾಗುವ ಭಾಗ ಇದೇ.

ಟ್ರ್ಯಾಪ್ ತೆಗೆದುಕೊಳ್ಳಿ. ಸಿಂಕಿನ ಕೆಳಗೆ ಬಾಗಿದ ಪೈಪಿನಲ್ಲಿ ನಿಂತಿರುವ ಒಂದಿಷ್ಟು ನೀರು, ಅಷ್ಟೇ. ಕನಿಷ್ಠ 2 ಇಂಚು, ಹೆಚ್ಚೆಂದರೆ 4 ಇಂಚು ಆಳ. ಕಡಿಮೆಯಾದರೆ ಬೇಗ ಆರುತ್ತದೆ, ಜಾಸ್ತಿಯಾದರೆ ಕಸ ನಿಲ್ಲುತ್ತದೆ. ಆ ನೀರು ಆರಿದರೆ ಏನಾಗುತ್ತದೆ? 2003ರಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ಎಂಬ ಉಸಿರಾಟದ ಕಾಯಿಲೆ ಹರಡಿತು, 42 ಮಂದಿ ಸತ್ತರು. ಬಚ್ಚಲ ನೆಲದ ಡ್ರೈನುಗಳ ಟ್ರ್ಯಾಪಿನಲ್ಲಿ ನೀರು ಆರಿಹೋಗಿತ್ತು. ಗಾಳಿ ಎಳೆಯುವ ಫ್ಯಾನ್ ಹಾಕಿದಾಗ ಕೊಳೆನೀರಿನ ಪೈಪಿನೊಳಗಿನ ತುಂತುರು ಮನೆಯೊಳಗೆ ಬಂತು ಅಂತ ತನಿಖೆಯಲ್ಲಿ ಕಂಡುಬಂತು. ನೀರು ಆರುವ ಸಾಧ್ಯತೆ ಇರುವ ನೆಲದ ಡ್ರೈನಿಗೆ ರಕ್ಷಣೆ ಬೇಕು ಅನ್ನುವ 1002.4ರ ಕೆಳಗಿನ ನಿಯಮ ಇನ್ನು ನಿಮಗೆ ಮರೆಯಲಿಕ್ಕಿಲ್ಲ. ಎಸ್ ಆಕಾರದ ಟ್ರ್ಯಾಪನ್ನು 1002.3 ನಿಷೇಧಿಸುವುದೂ ಇದೇ ಭಯದಿಂದ. ಹರಿದುಹೋಗುವ ನೀರೇ ಟ್ರ್ಯಾಪಿನೊಳಗಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ.

ಇನ್ನೊಂದು, ಹಿಮ್ಮುಖ ಹರಿವು. 1969ರಲ್ಲಿ ಮ್ಯಾಸಚೂಸೆಟ್ಸ್‌ನ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡದ ಹೆಚ್ಚುಕಮ್ಮಿ ಎಲ್ಲರಿಗೂ ಹೆಪಟೈಟಿಸ್ ತಗುಲಿ, ಎರಡು ಪಂದ್ಯಕ್ಕೇ ಆ ವರ್ಷದ ಆಟ ಮುಗಿಯಿತು. ಹತ್ತಿರದಲ್ಲಿ ಬೆಂಕಿ ಆರಿಸಲು ನೀರು ಎಳೆದಾಗ ಸಾಲಿನಲ್ಲಿ ಒತ್ತಡ ಬಿದ್ದಿತು. ಮೈದಾನದ ಹುಲ್ಲಿಗೆ ನೀರು ಬಿಡಲು ನೆಲಮಟ್ಟಕ್ಕಿಂತ ಕೆಳಗೆ ಇಟ್ಟಿದ್ದ ನಲ್ಲಿಗಳಿಂದ ಕೊಳಕು ನೀರು ಕುಡಿಯುವ ನೀರಿನ ಸಾಲಿಗೆ ಹಿಂದಕ್ಕೆ ಹರಿಯಿತು. ಇದನ್ನು ತಡೆಯುವುದಕ್ಕೇ ಸೆಕ್ಷನ್ 608 ಇರುವುದು. ಅತ್ಯಂತ ಅಗ್ಗದ ರಕ್ಷಣೆ ಗಾಳಿಯ ಅಂತರ: ನಲ್ಲಿಯ ಬಾಯಿಗೂ ಸಿಂಕ್ ತುಂಬಿ ಚೆಲ್ಲುವ ಅಂಚಿಗೂ ನಡುವೆ, ಬಾಯಿಯ ಅಳತೆಯ ಎರಡರಷ್ಟು ಖಾಲಿ ಜಾಗ. ಗೋಡೆ ಹತ್ತಿರವಿದ್ದರೆ ಇನ್ನೂ ಜಾಸ್ತಿ. ಅದು ಆಗದ ಕಡೆ ವಾಲ್ವ್‌ಗಳು ಬರುತ್ತವೆ.

ವಾಟರ್ ಹೀಟರಿನ ಸುರಕ್ಷತಾ ವಾಲ್ವ್ ಬಗ್ಗೆ ಪರೀಕ್ಷೆಯಲ್ಲೂ ಕೇಳುತ್ತಾರೆ, ಕೆಲಸದಲ್ಲೂ ದಿನಾ ಕಾಣುತ್ತದೆ. 210 ಡಿಗ್ರಿ ಫ್ಯಾರನ್‌ಹೀಟ್ ಅಥವಾ 150 ಪಿಎಸ್‌ಐ ಮುಟ್ಟಿದರೆ ಅದು ತೆರೆದುಕೊಳ್ಳಬೇಕು. ಅದರ ಹೊರಹರಿವಿನ ಪೈಪಿಗೆ ವಾಲ್ವ್ ಇರಬಾರದು, ಟ್ರ್ಯಾಪ್ ಇರಬಾರದು, ತುದಿಯಲ್ಲಿ ತಿರುಪಿನ ಹಲ್ಲು ಇರಬಾರದು. ಹಲ್ಲು ಯಾಕೆ ಬೇಡ? ತೊಟ್ಟಿಕ್ಕುತ್ತಿದೆ ಅಂತ ಯಾರೋ ಒಬ್ಬ ಮುಚ್ಚಳ ತಿರುಗಿಸಿಬಿಡುತ್ತಾನೆ. ಆಮೇಲೆ ಆ ಹೀಟರ್ ಬಾಂಬು.

ಒತ್ತಡದ ಪರೀಕ್ಷೆಗಳು ಸೆಕ್ಷನ್ 312ರಲ್ಲಿವೆ. ಡ್ರೈನ್ ಮತ್ತು ವೆಂಟ್ ಪೈಪಿಗೆ 10 ಅಡಿ ಎತ್ತರದ ನೀರು, 15 ನಿಮಿಷ. ಗಾಳಿಯಾದರೆ 5 ಪಿಎಸ್‌ಐ, ಅಷ್ಟೇ ಹೊತ್ತು. ಆದರೆ ಪ್ಲಾಸ್ಟಿಕ್ ಪೈಪಿಗೆ ಗಾಳಿ ತುಂಬಿ ಪರೀಕ್ಷಿಸಲು ಐಪಿಸಿ ಬಿಡುವುದಿಲ್ಲ. ಒತ್ತಿದ ಗಾಳಿ ಸ್ಪ್ರಿಂಗಿನಂತೆ ಶಕ್ತಿ ಹಿಡಿದಿಟ್ಟಿರುತ್ತದೆ. ಪೈಪ್ ಒಡೆದರೆ ಚೂರು ಚೂರಾಗಿ ಹಾರುತ್ತದೆ. ನೀರಾದರೆ ಬರೀ ಸೋರುತ್ತದೆ.

ಕೋಡ್ ಪುಸ್ತಕದ ಹೊರಗಿನ ಕೆಲವು ವಿಷಯಗಳೂ ಬರುತ್ತವೆ. ಕುಡಿಯುವ ನೀರಿನ ಭಾಗಗಳಲ್ಲಿ ಸೀಸ ಸರಾಸರಿ 0.25 ಶೇಕಡಾ ಮೀರಬಾರದೆಂಬ ಕೇಂದ್ರ ಕಾನೂನು 2014ರ ಜನವರಿಯಿಂದ ಜಾರಿಯಲ್ಲಿದೆ. ಕಮೋಡಿನ ನಡುವಿನಿಂದ ಪಕ್ಕದ ಗೋಡೆಗೆ ಐಪಿಸಿಯಲ್ಲಿ ಕನಿಷ್ಠ 15 ಇಂಚು. ಅದೇ ಗಾಲಿಕುರ್ಚಿ ಬಳಸುವವರಿಗಾಗಿ ಮಾಡಿದ ಶೌಚಾಲಯದಲ್ಲಿ 16ರಿಂದ 18 ಇಂಚಿನೊಳಗೇ ಇರಬೇಕು. ಅಲ್ಲಿ 20 ಇಂಚು ಬಿಟ್ಟು ಧಾರಾಳ ತೋರಿಸಿದರೂ ತಪ್ಪೇ, ಗೋಡೆಯ ಹಿಡಿಕಂಬಿ ಕೈಗೆ ಎಟುಕುವುದಿಲ್ಲ.

ಹಂತ 5: ಅರ್ಜಿ, ನವೀಕರಣ

ಇದರಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಅಂಕಪಟ್ಟಿ, ಅನುಭವ ಪತ್ರ, ಗುರುತಿನ ಕಾಗದ, ಶುಲ್ಕ. ಹಿನ್ನೆಲೆ ಪರಿಶೀಲನೆ ಇರಬಹುದು. ಹಳೆಯ ಪ್ರಕರಣ ಏನಾದರೂ ಇದ್ದರೆ ಮುಚ್ಚಿಡಬೇಡಿ. ಪ್ರಕರಣಕ್ಕಿಂತ ಮುಚ್ಚಿಟ್ಟದ್ದಕ್ಕೇ ಅರ್ಜಿ ಬೀಳುವುದು ಜಾಸ್ತಿ. ಎಲ್ಲ ಕಾಗದಗಳಲ್ಲೂ ನಿಮ್ಮ ಹೆಸರು ಒಂದೇ ರೀತಿ ಇರಲಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೆ ವಾರಗಟ್ಟಲೆ ಪತ್ರ ವ್ಯವಹಾರವಾಗುತ್ತದೆ. ನಮ್ಮವರಿಗೆ ಈ ಪಾಡು ಹೊಸದಲ್ಲ.

ಐಸಿಸಿ ಸರ್ಟಿಫಿಕೇಟನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಅಷ್ಟರೊಳಗೆ ನಿಗದಿತ ತರಬೇತಿ ಮುಗಿಸಿರಬೇಕು. ಟೆಕ್ಸಾಸ್‌ನಲ್ಲಿ ವರ್ಷಕ್ಕೆ 6 ಗಂಟೆಯ ತರಗತಿ. ಆಸ್ಪತ್ರೆಗಳ ಗ್ಯಾಸ್ ಪೈಪ್ ನೋಡಬೇಕೆಂದಿದ್ದರೆ ಎಎಸ್‌ಎಸ್‌ಇ 6020 ಅಂತ ಪ್ರತ್ಯೇಕ ಅರ್ಹತೆ ಇದೆ. ಅದನ್ನು ಒಂದೆರಡು ವರ್ಷದ ಮೇಲೆ ಯೋಚಿಸಿದರೆ ಸಾಕು.

ಹಂತ 6: ಮೊದಲ ವಾರಗಳು

ಸಾಧ್ಯವಾದರೆ, ಲೈಸೆನ್ಸ್ ಬರುವ ಮೊದಲೇ ಯಾರಾದರೂ ಇನ್ಸ್‌ಪೆಕ್ಟರ್ ಜೊತೆ ಒಂದು ದಿನ ಸುತ್ತಲು ಬಿಡುತ್ತೀರಾ ಅಂತ ಊರಿನ ಕಚೇರಿಯಲ್ಲಿ ಕೇಳಿ. ಎಷ್ಟೋ ಕಡೆ ಒಪ್ಪುತ್ತಾರೆ. ಅವರು ಪೈಪ್ ನೋಡುವುದನ್ನು ಗಮನಿಸಿ, ಅದಕ್ಕಿಂತ ಹೆಚ್ಚಾಗಿ ಅವರು ಮಾತಾಡುವುದನ್ನು ಗಮನಿಸಿ. ಒಳ್ಳೆಯ ಇನ್ಸ್‌ಪೆಕ್ಟರ್ ದನಿ ಏರಿಸುವುದಿಲ್ಲ. ಪರಿಹಾರ ಹೀಗೇ ಮಾಡು ಅಂತಲೂ ಹೇಳುವುದಿಲ್ಲ. ನೀವು ಹೇಳಿದ ಹಾಗೆ ಮಾಡಿ ಅದು ಕೆಟ್ಟರೆ ದೂರು ನಿಮ್ಮ ತಲೆಗೇ ಬರುತ್ತದೆ. ಎಲ್ಲಿ, ಏನು, ಯಾವ ಸೆಕ್ಷನ್, ಅಷ್ಟು ಹೇಳಿ ಬಿಡುತ್ತಾರೆ. ಹೇಗೆ ಸರಿಮಾಡುವುದು ಅನ್ನುವುದು ಪ್ಲಂಬರ್‌ಗೆ ಬಿಟ್ಟದ್ದು. ಕೋಡ್‌ನಲ್ಲಿ ಇಲ್ಲದ, ನಿಮಗೆ ಸರಿಕಾಣದ ಕೆಲಸ ಕಂಡರೆ ಬಾಯಿಮಾತಿನಲ್ಲಿ ಹೇಳಬಹುದು, ನೋಟಿಸಿನಲ್ಲಿ ಬರೆಯುವಂತಿಲ್ಲ.

ಶುರುವಿನಲ್ಲಿ ಪಾಠ ಹೇಳುವ ಚಪಲಕ್ಕೆ ನೋಟಿಸ್ ಉದ್ದವಾಗುತ್ತದೆ. ನಾಲ್ಕು ಸಾಲು ಸಾಕು. ಮೊದಲಿಗೆ ಹೇಳಿದ ಆ ಬಚ್ಚಲಿನ ಪೈಪಿಗೆ, ಅಲ್ಲಿ 2021ರ ಆವೃತ್ತಿ ಜಾರಿಯಲ್ಲಿದ್ದರೆ, ನಾನು ಬರೆಯುವುದು ಹೀಗೆ:

"ಎರಡನೇ ಮಹಡಿ, ಹಿಂಬದಿಯ ಬಾತ್‌ರೂಮು. 2 ಇಂಚಿನ ಅಡ್ಡ ಡ್ರೈನಿನ ಇಳಿಜಾರು ಅಡಿಗೆ 1/8 ಇಂಚು ಇದೆ, 1/4 ಇಂಚು ಬೇಕು. ಐಪಿಸಿ 2021, ಸೆಕ್ಷನ್ 704.1. ಸರಿಪಡಿಸಿ, ಗೋಡೆ ಮತ್ತು ನೆಲ ಮುಚ್ಚುವ ಮೊದಲು ಮರುತಪಾಸಣೆಗೆ ಕರೆಯಿರಿ."